ಮನೆಗೊಂದು ಹಗ್ಗ: ಕೆಸ್ವಾಚಾಕಾ ಸೇತುವೆ ಬಿದ್ದು ಎದ್ದ ಕಥೆ

2021ರ ಮಾರ್ಚ್ ತಿಂಗಳಲ್ಲಿ ಪೆರು ದೇಶದ ಬೆಟ್ಟಗಳ ನಡುವೆ ಒಂದು ಸೇತುವೆ ಹರಿದು ನದಿಗೆ ಬಿತ್ತು. ‘ಹರಿದು’ ಅಂತ ಬೇಕಂತಲೇ ಬರೆದೆ, ಯಾಕಂದ್ರೆ ಅದು ಪೂರ್ತಿ ಹುಲ್ಲಿನ ಸೇತುವೆ. ಹೆಸರು ಕೆಸ್ವಾಚಾಕಾ. ಅಲ್ಲಿನ ಜನರ ಕೆಚುವಾ ಭಾಷೆಯಲ್ಲಿ ‘ಕೆಸ್ವಾ’ ಅಂದ್ರೆ ಹೊಸೆದ ಹಗ್ಗ, ‘ಚಾಕಾ’ ಅಂದ್ರೆ ಸೇತುವೆ. ಇಂಕಾ ಅರಸರ ಕಾಲದಲ್ಲಿ ಆಂಡೀಸ್ ಬೆಟ್ಟಗಳ ಉದ್ದಕ್ಕೂ ಇಂಥ ಸೇತುವೆಗಳಿದ್ದವು. ಈಗಲೂ ಹಳೆಯ ಕ್ರಮದಲ್ಲೇ, ವರ್ಷ ವರ್ಷ ಹುಲ್ಲಿನಿಂದಲೇ ಹೊಸದಾಗಿ ಕಟ್ಟುತ್ತಿರುವ ಕೊನೆಯ ಸೇತುವೆ ಅಂತ ಹೆಸರಾಗಿರುವುದು ಇದೇ.

ಐನೂರು ವರ್ಷದ ಸೇತುವೆ ಹೋಯಿತು ಅನ್ನುವ ಧಾಟಿಯಲ್ಲಿ ಆಗ ಸುದ್ದಿ ಹರಡಿತ್ತು. ಓದಿ ನನಗೂ ಸಂಕಟವಾಯಿತು. ಆಮೇಲೆ ವಿಷಯ ಕೆದಕುತ್ತಾ ಹೋದ ಹಾಗೆ ಗೊತ್ತಾಯ್ತು, ಅವತ್ತು ನದಿಗೆ ಬಿದ್ದ ಸೇತುವೆಗೆ ಎರಡು ವರ್ಷವೂ ತುಂಬಿರಲಿಲ್ಲ. ಅದು 2019ರ ಜೂನ್‌ನಲ್ಲಿ ಕಟ್ಟಿದ್ದು. ಹಾಗಾದರೆ ಐನೂರು ವರ್ಷ ಯಾವುದಕ್ಕೆ ಆಗಿದ್ದು? ಈ ಪ್ರಶ್ನೆ ಹಿಡಿದುಕೊಂಡು ಈ ಒಂದು ಪ್ರಕರಣವನ್ನು ಪೂರ್ತಿ ನೋಡೋಣ. 2020ರಲ್ಲಿ ಕೆಲಸ ನಿಂತಿದ್ದು, 2021ರ ಮಾರ್ಚ್‌ನಲ್ಲಿ ಸೇತುವೆ ಬಿದ್ದಿದ್ದು, ಅದೇ ವರ್ಷ ಜೂನ್‌ನಲ್ಲಿ ಮತ್ತೆ ಎದ್ದಿದ್ದು.

ಜಾಗ ಮತ್ತು ಜನ

ಪೆರುವಿನ ಕುಸ್ಕೊ ಸೀಮೆಯಲ್ಲಿ ಕಾನಾಸ್ ಅಂತ ಒಂದು ಭಾಗ, ಅದರಲ್ಲಿ ಕೆವೆ ಅನ್ನುವ ಊರಿನ ಸುತ್ತಮುತ್ತ ಈ ಕಥೆ ನಡೆಯುವುದು. ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಅಷ್ಟು ಎತ್ತರದಲ್ಲಿ ಅಪುರಿಮಾಕ್ ನದಿ ಬಂಡೆ ಕೊರೆದುಕೊಂಡು ಹರಿಯುತ್ತದೆ. ಮುಂದೆ ಇದೇ ನೀರು ಅಮೆಜಾನ್ ಸೇರುವುದು. ಕಮರಿಯ ಈ ಕಡೆಯಿಂದ ಆ ಕಡೆಗೆ ಸುಮಾರು 30 ಮೀಟರ್. ಸೇತುವೆಯ ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಎದುರಿಂದ ಒಬ್ಬರು ಬಂದರೆ ಮೈ ಓರೆ ಮಾಡಿಕೊಂಡೇ ದಾಟಬೇಕು.

ಇದನ್ನು ಕಟ್ಟುವವರು ವಿಂಚಿರಿ, ಚೌಪಿಬಾಂಡಾ, ಚೊಕ್ಕಾಯ್ವಾ, ಕೊಲ್ಲಾನಾ ಕೆವೆ ಅನ್ನುವ ನಾಲ್ಕು ಊರಿನ ರೈತ ಮನೆತನಗಳು. ಇದಕ್ಕೆ ಕಂಟ್ರಾಕ್ಟರು ಇಲ್ಲ, ಟೆಂಡರ್ ಇಲ್ಲ. ಆಲೂಗಡ್ಡೆ ಬೆಳೆದು ಕುರಿ ಸಾಕಿ ಬದುಕುವ ಜನ ವರ್ಷಕ್ಕೊಮ್ಮೆ ಸೇತುವೆ ಕಟ್ಟುವವರಾಗುತ್ತಾರೆ. 2009ರಲ್ಲಿ ಪೆರು ಸರ್ಕಾರ ಇದನ್ನು ದೇಶದ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿತು. 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದು ಯಾವ ಪಟ್ಟಿ ಅನ್ನೋದನ್ನು ಗಮನಿಸಬೇಕು. ಹಂಪಿ ಇರುವುದು ಕಟ್ಟಡ, ಜಾಗಗಳ ಪಟ್ಟಿಯಲ್ಲಿ. ಕೆಸ್ವಾಚಾಕಾ ಇರುವುದು ಹಾಡು, ಕುಣಿತ, ಕಸುಬು, ಆಚರಣೆಗಳನ್ನು ಸೇರಿಸುವ ಪಟ್ಟಿಯಲ್ಲಿ. ಮಾನ್ಯತೆ ಸಿಕ್ಕಿದ್ದು ಸೇತುವೆ ಅನ್ನುವ ವಸ್ತುವಿಗಿಂತ ಅದನ್ನು ಪ್ರತಿವರ್ಷ ಹೊಸದು ಮಾಡುವ ಆ ಮನೆಗಳ ತಿಳಿವಳಿಕೆಗೆ. ಯಾರೋ ಸರಿಯಾಗಿ ಯೋಚನೆ ಮಾಡಿಯೇ ಹಾಗೆ ಮಾಡಿದ್ದಾರೆ ಅನಿಸುತ್ತದೆ.

ಹಗ್ಗ

ಎಲ್ಲಾ ಶುರುವಾಗುವುದು ಮನೆ ಅಂಗಳದಲ್ಲಿ. ಕೋಯಾ ಅಂತ ಒಂದು ಹುಲ್ಲು, ಎತ್ತರದ ಬೆಟ್ಟದಲ್ಲಿ ಬೆಳೆಯುವ ಗಡಸು ಹುಲ್ಲು. ಅದನ್ನು ಕೊಯ್ದು ಒಣಗಿಸುತ್ತಾರೆ. ಆಮೇಲೆ ನೀರಿನಲ್ಲಿ ನೆನೆಹಾಕಿ, ಕಲ್ಲಿನಿಂದ ಜಜ್ಜಿ ಮೆದು ಮಾಡುತ್ತಾರೆ. ಒಣ ಹುಲ್ಲನ್ನು ಹಾಗೇ ಹೊಸೆದರೆ ಕಡ್ಡಿ ಪಟಪಟ ಮುರಿಯುತ್ತದೆ, ಹದವಾಗಿ ನೆಂದರೆ ಬಾಗುತ್ತದೆ. ಹದಕ್ಕೆ ಬಂದ ಹುಲ್ಲನ್ನು ಎರಡು ಅಂಗೈ ನಡುವೆ ಇಟ್ಟು ಉಜ್ಜಿ ಹುರಿ ಮಾಡುತ್ತಾ ಹೋಗುತ್ತಾರೆ. ಒಂದು ಕಡ್ಡಿಯ ತುದಿ ಮುಗಿಯುವುದಕ್ಕೆ ಮೊದಲೇ ಇನ್ನೊಂದನ್ನು ಸೇರಿಸಬೇಕು. ಗಂಟು ಹಾಕುವಂತಿಲ್ಲ. ಗಂಟು ಬಿದ್ದ ಕಡೆ ಹಗ್ಗಕ್ಕೆ ಬಲ ಕಮ್ಮಿ.

ಭತ್ತದ ಹುಲ್ಲಿನಲ್ಲಿ ಹೊರೆ ಕಟ್ಟುವ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಒಂದೊಂದು ಎಳೆಯನ್ನೂ ಒಂದು ದಿಕ್ಕಿಗೆ ತಿರುಚಬೇಕು, ಎರಡು ಎಳೆ ಸೇರಿಸುವಾಗ ಅದಕ್ಕೆ ಉಲ್ಟಾ ತಿರುಚಬೇಕು. ಎಳೆಗಳು ಬಿಚ್ಚಿಕೊಳ್ಳಲು ಹೋದಷ್ಟೂ ಒಂದನ್ನೊಂದು ಬಿಗಿ ಹಿಡಿಯುತ್ತವೆ. ಜಗ್ಗಿದಷ್ಟೂ ಹುಲ್ಲಿನ ಕಡ್ಡಿಗಳು ಒತ್ತಿಕೊಂಡು ಹಗ್ಗ ಗಟ್ಟಿಯಾಗುತ್ತದೆ. ಕೈಯಲ್ಲಿ ಕಿತ್ತರೆ ಬರುವ ಹುಲ್ಲು ಮನುಷ್ಯರನ್ನು ಕಮರಿ ದಾಟಿಸುವಷ್ಟು ಬಲ ಪಡೆಯುವುದು ಇದೊಂದು ಉಪಾಯದಿಂದ. ಈ ಕೆಲಸ ಜಾಸ್ತಿ ನಡೆಯುವುದು ಹೆಂಗಸರ ಕೈಯಲ್ಲೇ.

ಒಂದು ಮನೆಯ ಪಾಲು ಎಷ್ಟು ಗೊತ್ತಾ? ಸುಮಾರು 70 ಮೀಟರ್ ಹಗ್ಗ. ಅಲ್ಲಿನವರೂ ನಮ್ಮ ಹಾಗೆ ಎರಡೂ ಕೈ ಅಗಲಿಸಿ ಮಾರು ಲೆಕ್ಕದಲ್ಲೇ ಅಳೆಯುತ್ತಾರೆ. ಹೆಚ್ಚುಕಡಿಮೆ ನಲವತ್ತು ಮಾರು. ಜೂನ್‌ನಲ್ಲಿ ಗೊತ್ತಾದ ದಿನ ಪ್ರತಿ ಮನೆಯವರೂ ತಮ್ಮ ಹಗ್ಗದ ಸುರುಳಿಯನ್ನು ಸೇತುವೆ ಹತ್ತಿರ ತಂದು ಒಪ್ಪಿಸುತ್ತಾರೆ, ಯಾರ ಮನೆಯದು ಬಂತು ಅನ್ನುವ ಲೆಕ್ಕ ಇಡುತ್ತಾರೆ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಜೀವ ಇರುವುದು ಆ ಲೆಕ್ಕದಲ್ಲಿ.

ಮೂರು ದಿನ

ಮೊದಲು ಪೂಜೆ. ‘ಪಾಕೊ’ ಅಂತ ಕರೆಯುವ ಪೂಜಾರಿ ಭೂತಾಯಿಗೂ ಬೆಟ್ಟದ ದೇವರುಗಳಿಗೂ ಕೋಕಾ ಎಲೆ ಮೊದಲಾದವನ್ನು ಅರ್ಪಿಸಿ ಅಪ್ಪಣೆ ಕೇಳುತ್ತಾನೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಟ್ಟು ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಮೇಲೆ ಮನೆಮನೆಯ ತೆಳು ಹಗ್ಗಗಳನ್ನು ದಾರಿಯುದ್ದಕ್ಕೂ ಚಾಚಿ, ಒಟ್ಟು ಸೇರಿಸಿ ತಿರುಚಿ, ಮತ್ತೆ ಜಡೆ ಹೆಣೆದ ಹಾಗೆ ಮೂರು ಎಳೆ ಹೆಣೆಯುತ್ತಾರೆ. ಕೊನೆಗೆ ಸಿಗುವುದು ತೊಡೆ ದಪ್ಪದ ಹಗ್ಗ. ತೇರು ಎಳೆಯುವ ಹಗ್ಗ ನೆನಪು ಮಾಡಿಕೊಳ್ಳಿ, ಅದಕ್ಕಿಂತಲೂ ದಪ್ಪ. ಈ ಹಂತದಲ್ಲಿ ಯಾರ ಮನೆಯ ಹಗ್ಗ ಯಾವುದು ಅಂತ ಯಾರೂ ಬೇರೆ ಮಾಡಿ ಹೇಳಲಾರರು. ಕೆಳಗೆ ಕಾಲಿಡಲು ನಾಲ್ಕು ದೊಡ್ಡ ಹಗ್ಗ, ಕೈ ಹಿಡಿಯಲು ಎರಡು. ಇವನ್ನು ಎರಡು ದಡದ ಜನ ಸಾಲಾಗಿ ನಿಂತು, ಕೂಗು ಹಾಕಿಕೊಂಡು, ಜಗ್ಗಿ ಬಿಗಿ ಮಾಡಿ ಕಲ್ಲಿನ ಕಟ್ಟೆಗೆ ಬಿಗಿಯುತ್ತಾರೆ. ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಡುತ್ತಾರೆ. ಹುಲ್ಲು ತಾನೆ, ನೀರಿನಲ್ಲಿ ಕೊಳೆತು ಹೋಗುತ್ತದೆ.

ಕೊನೆಯ ಕೆಲಸ ‘ಚಾಕಾರುವಾಕ್’ ಅನ್ನುವವರದು, ಅಂದ್ರೆ ಸೇತುವೆ ಕಟ್ಟುವ ಮೇಸ್ತ್ರಿಗಳು. ಎರಡು ದಡದಿಂದಲೂ ಹೊರಟು, ಆ ದಪ್ಪ ಹಗ್ಗಗಳ ಮೇಲೆ ಕಾಲು ಇಳಿಬಿಟ್ಟು ಕೂತು, ಕೈಹಗ್ಗಕ್ಕೂ ಕಾಲಹಗ್ಗಕ್ಕೂ ನಡುವೆ ಸಣ್ಣ ಹಗ್ಗದಲ್ಲಿ ಬಲೆ ಹೆಣೆಯುತ್ತಾ ಮಧ್ಯಕ್ಕೆ ಬರುತ್ತಾರೆ. ಕೆಳಗೆ ಆಸರೆಗೆ ಏನೂ ಇಲ್ಲ, ನದಿ ಮಾತ್ರ. ಈ ವಿದ್ಯೆ ಅಪ್ಪನಿಂದ ಮಗನಿಗೆ, ಮನೆತನದೊಳಗೇ ಬರುತ್ತದೆ. ಮಧ್ಯದಲ್ಲಿ ಇಬ್ಬರ ಹೆಣಿಗೆ ಕೂಡಿದ ಮೇಲೆ ಕಡ್ಡಿಗಳ ಚಾಪೆ ಹಾಸಿದರೆ ಸೇತುವೆ ಸಿದ್ಧ. ಮೊಳೆ ಇಲ್ಲ, ತಂತಿ ಇಲ್ಲ, ಯಂತ್ರ ಇಲ್ಲ. ಆಮೇಲೆ ಊಟ, ಹಾಡು, ಕುಣಿತ.

ಸೇತುವೆ ಕಟ್ಟುವಾಗ ಹೆಂಗಸರು ಆ ಕಡೆ ಬರಬಾರದು ಅನ್ನುವ ಕಟ್ಟಳೆ ಇದೆ, ಬಂದರೆ ಕೆಡುಕಾಗುತ್ತದೆ ಅನ್ನುವ ನಂಬಿಕೆ. ಹೀಗಾಗಿ ನಮಗೆ ಸಿಗುವ ಫೋಟೋಗಳಲ್ಲಿ ಹಗ್ಗದ ಮೇಲೆ ಕೂತ ಗಂಡಸರೇ ಕಾಣುತ್ತಾರೆ. ಆದರೆ ಅವರು ಕೂತಿರುವುದು ಯಾವುದರ ಮೇಲೆ? ಮನೆಯಲ್ಲಿ ಹೆಂಗಸರು ಅಂಗೈ ಸವೆಸಿ ಹೊಸೆದ ಹುರಿಯ ಮೇಲೆ. ಆ ಹುರಿಯಲ್ಲಿ ಸಡಿಲ ಇದ್ದರೆ ಮೇಸ್ತ್ರಿ ಎಷ್ಟೇ ಜಾಣನಾದರೂ ಉಪಯೋಗ ಇಲ್ಲ. ಸೇತುವೆ ಕಟ್ಟಿದ ಮನೆತನ ಅಂತ ಹೆಮ್ಮೆಯಿಂದ ಹೇಳುವಾಗ ಈ ಕೈಗಳನ್ನು ಮೊದಲು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಯಾಕೆ ಬಿತ್ತು

ಆಂಡೀಸ್‌ನ ಆ ಭಾಗದಲ್ಲಿ ಮಳೆಗಾಲ ಸುಮಾರಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಜೂನ್ ಒಣ ತಿಂಗಳು. ಜೂನ್‌ನಲ್ಲಿ ಕಟ್ಟಿದ ಹಗ್ಗ ಆರು ತಿಂಗಳು ಗಟ್ಟಿಯಾಗಿರುತ್ತದೆ, ಆಮೇಲೆ ಒಂದು ಮಳೆಗಾಲ ತಡೆದುಕೊಳ್ಳುತ್ತದೆ, ಮಳೆ ನಿಂತು ಹುಲ್ಲು ಸಡಿಲವಾಗುವ ಹೊತ್ತಿಗೆ ಹೊಸದು ಬರುತ್ತದೆ. ವರ್ಷಕ್ಕೊಮ್ಮೆ ಅನ್ನುವ ನಿಯಮಕ್ಕೆ ಹಬ್ಬದ ಸಂಭ್ರಮದ ಜೊತೆಗೆ ಹುಲ್ಲಿನ ಈ ಆಯಸ್ಸೂ ಕಾರಣ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂತು. ಪೆರುವಿನಲ್ಲಿ ಬಹಳ ಬಿಗಿಯಾದ ಲಾಕ್‌ಡೌನ್ ಆಯಿತು. ಆ ದೇಶ ಪಟ್ಟ ಕಷ್ಟ, ಅಲ್ಲಿ ಹೋದ ಜೀವಗಳು, ನಮಗೆಲ್ಲ ಗೊತ್ತೇ ಇದೆ. ಆ ಜೂನ್‌ನಲ್ಲಿ ಸೇತುವೆ ಕಟ್ಟಲಿಲ್ಲ. ಹಗ್ಗ ಹೊಸೆಯುವುದನ್ನು ಅವರವರ ಮನೆಯಲ್ಲೇ ಕೂತು ಮಾಡಬಹುದು, ಆದರೆ ಅದನ್ನು ಜಗ್ಗಲು ಭುಜಕ್ಕೆ ಭುಜ ತಾಗಿಸಿಕೊಂಡೇ ನಿಲ್ಲಬೇಕು, ಒಂದೇ ಉಸಿರಿನಲ್ಲಿ ಎಳೆಯಬೇಕು, ಒಂದೇ ಕಡೆ ಕೂತು ಉಣ್ಣಬೇಕು. ಆ ಕಾಯಿಲೆ ತಡೆದಿದ್ದು ಸರಿಯಾಗಿ ಇದನ್ನೇ.

ಹೀಗೆ 2019ರ ಹಗ್ಗ ಎರಡನೇ ಮಳೆಗಾಲಕ್ಕೆ ಸಿಕ್ಕಿಹಾಕಿಕೊಂಡಿತು. ಎರಡನೇ ಮಳೆಗಾಲ ಮುಗಿಯುತ್ತಾ ಬಂದಾಗ, 2021ರ ಮಾರ್ಚ್‌ನಲ್ಲಿ, ಹರಿಯಿತು. ಯಾರ ಬೇಜವಾಬ್ದಾರಿಯೂ ಅಲ್ಲ, ಕಳಪೆ ಕೆಲಸವೂ ಅಲ್ಲ. ಒಂದು ವರ್ಷಕ್ಕೆ ಅಂತ ಮಾಡಿದ್ದು ಸುಮಾರು 21 ತಿಂಗಳು ನಿಂತಿತ್ತು. ಕಟ್ಟಿದವರ ಕೈಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಹಳೆಯ ಸೇತುವೆ ನದಿ ಸೇರುವುದು ಆ ಜನಕ್ಕೆ ಹೊಸದೂ ಅಲ್ಲ. ಪ್ರತಿ ಜೂನ್‌ನಲ್ಲಿ ಅವರೇ ಕಡಿದು ಬಿಡುತ್ತಾರಲ್ಲ. ಈ ಸಲದ ವ್ಯತ್ಯಾಸ ಏನಂದ್ರೆ, ಹಳೆಯದು ಹೋದಾಗ ಹೊಸದು ಅಲ್ಲಿರಲಿಲ್ಲ. ಎರಡು ದಡದ ನಡುವೆ ಬರೀ ಗಾಳಿ.

ಕಮರಿ ದಾಟಲು ತೊಂದರೆಯಾಯಿತಾ ಅಂದ್ರೆ, ಇಲ್ಲ. ಹತ್ತಿರದಲ್ಲೇ ವಾಹನ ಹೋಗುವ ಈಗಿನ ಕಾಲದ ಸೇತುವೆ ಇದೆ. ಬಹಳ ವರ್ಷದಿಂದ ಇದೆ. ಓಡಾಟಕ್ಕೆ ಹುಲ್ಲಿನ ಸೇತುವೆ ಬೇಕೇ ಬೇಕು ಅನ್ನುವ ಕಾಲ ಮುಗಿದು ಹೋಗಿದೆ. ಅಂದಮೇಲೆ ಒಂದು ವರ್ಷ ತಪ್ಪಿಸಿದವರು ಸುಮ್ನೆ ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಕಲ್ಲಿನ ಕಟ್ಟೆ ಹತ್ತಿರ ಒಂದು ಬೋರ್ಡು ಹಾಕಿ, ಇಲ್ಲಿ ಇಂಥದ್ದೊಂದು ಸೇತುವೆ ಇತ್ತು ಅಂತ ಬರೆದಿದ್ದರೆ ಪ್ರವಾಸಿಗರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಹಾಗೆ ಬಿಟ್ಟುಹೋದ ಸೇತುವೆಗಳೇ ಜಾಸ್ತಿ. ಇದೇ ಅಪುರಿಮಾಕ್ ನದಿಯ ಕೆಳಭಾಗದಲ್ಲಿ ಇದಕ್ಕಿಂತ ದೊಡ್ಡ ಹಗ್ಗದ ಸೇತುವೆ ಇತ್ತು, ಸುಮಾರು 45 ಮೀಟರ್ ಉದ್ದದ್ದು. ಇಫ್ರೇಮ್ ಸ್ಕ್ವಯರ್ ಅನ್ನುವ ಅಮೆರಿಕದವರು ಅದನ್ನು ದಾಟಿ, 1877ರಲ್ಲಿ ಅದರ ಚಿತ್ರ ಸಮೇತ ಬರೆದಿದ್ದಾರೆ. ಆಮೇಲೆ ದಾರಿ ಬದಲಾಯಿತು, ಹೊಸೆಯುವುದು ನಿಂತಿತು, ಇವತ್ತು ಆ ಸೇತುವೆ ಇಲ್ಲ. ಕಲ್ಲಿನ ಸೇತುವೆಯನ್ನು ನೂರು ವರ್ಷ ಯಾರೂ ನೋಡದಿದ್ದರೂ ಕಂಬವಾದರೂ ಉಳಿಯುತ್ತದೆ. ಹುಲ್ಲಿನದ್ದಕ್ಕೆ ಎರಡು ಮಳೆಗಾಲ ಸಾಕು.

ಯಾಕೆ ಎದ್ದಿತು

ಅದೇ ವರ್ಷದ ಜೂನ್‌ನಲ್ಲಿ ಊರಿನವರು ಮತ್ತೆ ಸೇರಿದರು. ಹಗ್ಗ ಬಂತು, ಹೆಣೆದರು, ಜಗ್ಗಿದರು, ಸೇತುವೆ ಎದ್ದಿತು.

ಯಾಕೆ ಕಟ್ಟಿದರು ಅನ್ನುವುದಕ್ಕೆ ಪ್ರವಾಸೋದ್ಯಮ ಅಂತ ಸುಲಭವಾಗಿ ಹೇಳಿಬಿಡಬಹುದು. ಜೂನ್‌ನಲ್ಲಿ ಅಲ್ಲಿಗೆ ಜನ ಬರುತ್ತಾರೆ, ಆದಾಯವೂ ಇದೆ, ತಪ್ಪೇನಿಲ್ಲ. ಆದರೆ ಪ್ರವಾಸಿಗರಿಗೋಸ್ಕರ ಮಾತ್ರ ಅಂದ್ರೆ ಇನ್ನೂ ಸುಲಭದ ದಾರಿ ಇತ್ತು. ಒಳಗೆ ಉಕ್ಕಿನ ತಂತಿ ಹಾಕಿ ಮೇಲೆ ಹುಲ್ಲು ಸುತ್ತಿದ್ದರೆ ದೂರದಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹತ್ತು ವರ್ಷ ಕೈ ಹಾಕುವ ಅಗತ್ಯವೂ ಇರುತ್ತಿರಲಿಲ್ಲ. ಹಾಗೆ ಮಾಡಲಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಕೆಚುವಾ ಜನರ ಎರಡು ಮಾತು ಗೊತ್ತಿರಬೇಕು. ಒಂದು ‘ಐನಿ’. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕನ್ನಡದಲ್ಲಿ ಇದಕ್ಕೆ ತಕ್ಕ ಮಾತು ಹುಡುಕಬೇಕಾಗಿಲ್ಲ, ಇದು ನಮ್ಮ ಮುಯ್ಯಾಳು. ಇನ್ನೊಂದು ‘ಮಿಂಕಾ’, ಅಂದ್ರೆ ಊರೊಟ್ಟಿನ ಕೆಲಸ. ಕಾಲುವೆ, ದಾರಿ, ಸೇತುವೆ ಇವೆಲ್ಲ ಅದರಲ್ಲಿ ಬರುತ್ತವೆ. ಇಂಕಾ ಕಾಲದಲ್ಲಿ ಇಂಥ ಕೆಲಸ ಅರಸನಿಗೆ ಸಲ್ಲಿಸುವ ತೆರಿಗೆಯೇ ಆಗಿತ್ತು. ಸುಮಾರು 30,000 ಕಿಲೋಮೀಟರ್ ಉದ್ದದ ದಾರಿಗಳ ಜಾಲ ಅವರದು, ಚಕ್ರದ ಗಾಡಿ ಇಲ್ಲದೆ ಕಾಲ್ನಡಿಗೆ ಮತ್ತು ಲಾಮಾ ಪ್ರಾಣಿಗಳ ಮೇಲೆ ನಡೆದ ರಾಜ್ಯ. ಆ ದಾರಿಯ ಸೇತುವೆಗಳನ್ನು ಹತ್ತಿರದ ಊರಿನವರು ನೋಡಿಕೊಳ್ಳಬೇಕಿತ್ತು. ಅರಸರು ಹೋದರು, ಸ್ಪೇನಿನವರು ಬಂದರು, ಅವರೂ ಹೋದರು. ಕೇಳುವ ದೊರೆಯೇ ಇಲ್ಲದಿದ್ದರೂ ಈ ನಾಲ್ಕು ಊರಿನ ಮನೆಗಳು ಪಾಲು ಕೊಡುತ್ತಲೇ ಬಂದವು. ಕಂದಾಯವಾಗಿದ್ದದ್ದು ಯಾವಾಗಲೋ ಮನೆಯ ಮರ್ಯಾದೆಯ ಪ್ರಶ್ನೆಯಾಗಿ ಬದಲಾಗಿದೆ.

ಕೈಯಲ್ಲೇ ಹಗ್ಗ ಹೊಸೆಯುವುದರಲ್ಲಿ ಎಷ್ಟು ಶ್ರಮ ಇದೆ ಅಂತ ತಿಳಿಯಲು ಇನ್ನೊಂದು ಉದಾಹರಣೆ ಕೊಡುತ್ತೇನೆ. 2007ರಲ್ಲಿ ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಾಠದ ಭಾಗವಾಗಿ ಇದೇ ರೀತಿಯ 60 ಅಡಿಯ ಸೇತುವೆ ಕಟ್ಟಿದರು. ಅಲ್ಲಿನ ಪ್ರಾಧ್ಯಾಪಕ ಜಾನ್ ಆಕ್ಸೆನ್‌ಡಾರ್ಫ್ ಈ ಇಂಕಾ ಸೇತುವೆಗಳ ಬಲವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ವಿದ್ಯಾರ್ಥಿಗಳು ಒಳ್ಳೆಯ ಕೆಲಸವನ್ನೇ ಮಾಡಿದರು, ಆದರೆ ತೆಳು ಹುರಿಯನ್ನು ಅವರು ರೆಡಿಮೇಡ್ ತರಿಸಿಕೊಂಡಿದ್ದರು, ಕತ್ತಾಳೆ ನಾರಿನದ್ದು. ಅವರ ಕೆಲಸ ಶುರುವಾದ ಜಾಗದಲ್ಲಿ ಕೆವೆಯ ಮನೆಗಳ ಅರ್ಧ ಕೆಲಸ ಮುಗಿದಿರುತ್ತದೆ.

ನಮ್ಮ ಸಂಕ

ಈ ಪ್ರಕರಣ ನನ್ನನ್ನು ಹಿಡಿದಿದ್ದಕ್ಕೆ ಒಂದು ಸ್ವಂತ ಕಾರಣವೂ ಇದೆ. ನಾನು ಮಲೆನಾಡಿನವನು. ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ ಬಳ್ಳಿಯಿಂದ ಬಿಗಿದದ್ದು, ಒಂದು ಕಡೆ ಹಿಡಿದುಕೊಳ್ಳಲು ಬಿದಿರಿನ ಗಳು. ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ, ಹಳ್ಳದ ಎರಡು ಕಡೆಯ ಮನೆಗಳಿಂದ ಜನ ಬಂದು ಹೊಸದು ಹಾಕುತ್ತಿದ್ದರು. ಯಾರ ತೋಟದಿಂದ ಈ ಸಲ ಮರ, ಯಾರ ಮನೆಯಿಂದ ಬಿದಿರು ಅನ್ನುವುದು ಮೊದಲೇ ಮಾತಾಗಿರುತ್ತಿತ್ತು. ಅಜ್ಜ ಪ್ರತಿ ದಬ್ಬೆಯ ಮೇಲೂ ನಿಂತು ಕುಪ್ಪಳಿಸಿ ನೋಡುತ್ತಿದ್ದರು. ನಾವು ಮಕ್ಕಳು ದಾಟುವ ಸಂಕ ಅಲ್ವಾ.

ಈಗ ಅಲ್ಲಿ ಸಿಮೆಂಟಿನ ಸೇತುವೆ ಇದೆ, ಅದು ಬಂದಿದ್ದು ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಸಂಕದಿಂದ ಜಾರಿ ಮಕ್ಕಳು ಹೋದ ಸುದ್ದಿ ಓದಿದವರು ಯಾರೂ ಹಳೆಯ ಸಂಕವೇ ಚೆನ್ನಾಗಿತ್ತು ಅಂತ ಹೇಳುವುದಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದಾಗಿನಿಂದ ಎಷ್ಟೋ ಊರುಗಳಿಗೆ ದಾರಿಯಾಯಿತು, ಅದಕ್ಕೆ ನಾವು ಋಣಿಗಳು. ಆದರೆ ನಮ್ಮ ಹಳ್ಳದ ಆ ಕಡೆಯ ಮನೆಯವರ ಜೊತೆ ಮೇ ತಿಂಗಳಲ್ಲಿ ಒಂದು ದಿನ ನೀರಿಗಿಳಿದು ಕೆಲಸ ಮಾಡುವುದು ನಿಂತುಹೋಯಿತು. ಕೆವೆಯ ಜನ ವಾಹನದ ಸೇತುವೆಯನ್ನೂ ಬೇಡ ಅನ್ನಲಿಲ್ಲ, ಹುಲ್ಲಿನದ್ದನ್ನೂ ಬಿಡಲಿಲ್ಲ. ಎರಡನ್ನೂ ಇಟ್ಟುಕೊಳ್ಳಬಹುದು ಅಂತ ನಮಗೆ ಆಗ ಹೊಳೆದಿರಲಿಲ್ಲ.

ಕೆಸ್ವಾಚಾಕಾದ ಮುಂದಿನ ದಾರಿ ಸುಲಭ ಅಂತ ನಾನು ಹೇಳುವುದಿಲ್ಲ. ಹಳ್ಳಿ ಬಿಟ್ಟು ಪೇಟೆ ಸೇರುವ ಹುಡುಗರು ಅಲ್ಲೂ ಇದ್ದಾರೆ. ನನ್ನ ಭಯ ಒಂದೇ, ಯಾವತ್ತಾದರೂ ಹಗ್ಗ ದುಡ್ಡಿಗೆ ಹೊಸೆಸುವ ವಸ್ತುವಾದರೆ, ಮನೆಮನೆಯ ಲೆಕ್ಕ ಇಡುವುದು ನಿಂತರೆ, ಆಗ ಸೇತುವೆ ನೋಡಲು ಹಾಗೇ ಇದ್ದರೂ ಅದು ಬೇರೆಯದೇ ಆಗಿರುತ್ತದೆ. ಸದ್ಯಕ್ಕೆ ಹಾಗಾಗಿಲ್ಲ. 2021ರ ನಂತರವೂ ಜೂನ್ ಬಂದರೆ ಹಗ್ಗದ ಸುರುಳಿಗಳು ದಡಕ್ಕೆ ಬರುತ್ತಿವೆ.

ಕಳೆದ ಸಲ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ಎದ್ದು ಹೋಗಿ ಹುಲ್ಲಿನ ಕುತ್ರಿಯಿಂದ ಒಂದು ಹಿಡಿ ಎಳೆದು ತಂದು ನೀರು ಚಿಮುಕಿಸಿದರು. ನಾನು ತುದಿ ಹಿಡಿದುಕೊಂಡೆ, ಅವರು ಹೊಸೆಯುತ್ತಾ ಹಿಂದೆ ಹಿಂದೆ ಹೋದರು. ಆಮೇಲೆ ನಾನು ಕೂತೆ. ಮೊದಲ ಮಾರು ಬಿಚ್ಚಿಕೊಂಡಿತು, ಎರಡನೇ ಸಲ ನಿಂತಿತು. ಮೂರು ಮಾರು ಆಗುವ ಹೊತ್ತಿಗೆ ಅಂಗೈ ಕೆಂಪಾಗಿ ಉರಿಯುತ್ತಿತ್ತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ‘ಇಲ್ಲಿ ಸಡಿಲ ಇದೆ ನೋಡು’ ಅಂತ ಬೆರಳಿಟ್ಟು ತೋರಿಸಿದರು, ಆ ಜಾಗ ಬಿಚ್ಚಿ ಮತ್ತೆ ಹೊಸೆದು ಕೊಟ್ಟರು. ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಬಂದಿದ್ದೇನೆ.